ಸುಳಿ ಉಳಿದರೆ ಮರ ಉಳಿಯಿತು: ಹಿಮ ಬೀಳುವ ಊರಲ್ಲಿ ತೆಂಗಿನ ಬಳಗ

ಡಿಸೆಂಬರ್ ಬಂತೆಂದರೆ ನಮ್ಮ ತಿಪಟೂರು ಕಡೆ ಕೊಬ್ಬರಿ ಎಣ್ಣೆ ಶೀಸೆಯಿಂದ ಒಂದು ಹನಿಯೂ ಬೀಳುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಲಿಗಿಡಬೇಕು, ಇಲ್ಲವೇ ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಬೇಕು. ಅಡುಗೆಮನೆಯ ಕಡಲೆಕಾಯಿ ಎಣ್ಣೆ ಮಾತ್ರ ಅದೇ ಚಳಿಯಲ್ಲೂ ಸರಾಗವಾಗಿ ಸುರಿಯುತ್ತದೆ. ಎರಡೂ ಎಣ್ಣೆಯೇ. ಎರಡಕ್ಕೂ ಬಿದ್ದ ಚಳಿ ಒಂದೇ.

ಎರಡು ಚಳಿಗಾಲದ ಹಿಂದೆ ಅಕ್ಕನ ಮಗಳು ಇಂಗ್ಲೆಂಡಿನ ಲೀಡ್ಸ್ ಊರಿನಿಂದ ವಿಡಿಯೊ ಕಾಲ್ ಮಾಡಿದ್ದಳು. "ಮಾವ, ಪಕ್ಕದ ಮನೆಯ ಅಂಗಳದಲ್ಲಿ ಒಂದು ಪಾಮ್ ಮರ ಇದೆ. ಗರಿ ಮೇಲೆಲ್ಲ ಹಿಮ ಕೂತಿದೆ. ಆದರೂ ಹಸಿರಾಗಿದೆ. ನಾನು ಮನೆಯೊಳಗೆ, ಹೀಟರ್ ಪಕ್ಕದಲ್ಲೇ ಇಟ್ಟುಕೊಂಡ ಗಿಡ ಸತ್ತುಹೋಯ್ತು. ಇದು ಹೇಗೆ?" ಎಂದು ಕೇಳಿದಳು. ಪಾಮ್ ಅಂದರೆ ನಮ್ಮ ತೆಂಗು, ಅಡಿಕೆಯ ಬಳಗದ ಮರ. ತೆಂಗಿನ ತೋಟದಲ್ಲಿ ಬೆಳೆದ ಹುಡುಗಿ. ಒಂದು ಗಿಡ ಉಳಿಸಿಕೊಳ್ಳಲಿಲ್ಲವಲ್ಲ ಎಂಬ ನೋವು ಮುಖದಲ್ಲಿ ಕಾಣುತ್ತಿತ್ತು.

ಅವತ್ತು ಫೋನಿನಲ್ಲಿ ಹೇಳಿದ್ದು ಅರ್ಧ. ಆಮೇಲೆ ಓದಿ, ಕೇಳಿ, ಅವಳ ಜೊತೆ ಮತ್ತೆ ಮತ್ತೆ ಮಾತಾಡಿ ತಿಳಿದುಕೊಂಡದ್ದು ಇನ್ನರ್ಧ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಈಗ ಚಳಿ ದೇಶಗಳಲ್ಲಿದ್ದಾರೆ. ಕಿಟಕಿ ಹತ್ತಿರ ಒಂದು ಕರಿಬೇವು, ಒಂದು ಮಲ್ಲಿಗೆ ಇಟ್ಟುಕೊಂಡು ಒದ್ದಾಡುತ್ತಿದ್ದಾರೆ. ಅವರಿಗೂ ಆಗಲಿ ಎಂದು ಬರೆಯುತ್ತಿದ್ದೇನೆ.

ಎಣ್ಣೆ ಗಟ್ಟಿಯಾಗುವ ಗುಟ್ಟು

ಗಿಡದ ಎಲೆ, ಕಾಂಡ, ಬೇರು ಎಲ್ಲವೂ ಕಣ್ಣಿಗೆ ಕಾಣದ ಜೀವಕೋಶಗಳಿಂದ ಆದವು. ಒಂದೊಂದು ಕೋಶಕ್ಕೂ ಒಂದು ತೆಳುವಾದ ಪೊರೆ ಇರುತ್ತದೆ. ಆ ಪೊರೆಯಲ್ಲಿ ಕೊಬ್ಬಿನ ಪಾಲು ದೊಡ್ಡದು. ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು ಎಂದು ನೋಡಿಕೊಳ್ಳುವುದು ಅದೇ. ಅದು ಮೆತ್ತಗೆ, ಜಾರುವಂತೆ ಇದ್ದರೆ ಮಾತ್ರ ಕೆಲಸ ನಡೆಯುತ್ತದೆ.

ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಅದರ ಎಳೆಗಳು ನೆಟ್ಟಗಿರುತ್ತವೆ. ನೆಟ್ಟಗಿನ ಸೌದೆಯನ್ನು ಒತ್ತೊತ್ತಾಗಿ ಜೋಡಿಸಬಹುದು, ಅಲ್ವಾ? ಹಾಗೆಯೇ ಉಷ್ಣಾಂಶ 24 ಡಿಗ್ರಿಗಿಂತ ಕೆಳಗಿಳಿದರೆ ಆ ಎಳೆಗಳು ಒತ್ತಾಗಿ ಕೂತು ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆಯ ಎಳೆಗಳಲ್ಲಿ ಬಹುಪಾಲು ಸೊಟ್ಟ. ಸೊಟ್ಟ ಸೌದೆ ಎಷ್ಟು ಒತ್ತಿದರೂ ಸಂದು ಬಿಡುತ್ತದೆ. ಅದಕ್ಕೇ ಅದು ಹರಿಯುತ್ತಲೇ ಇರುತ್ತದೆ.

ಗಿಡದ ಪೊರೆಯಲ್ಲೂ ನಡೆಯುವುದು ಇಂಥದ್ದೇ. ಬೆಚ್ಚಗಿನ ನಾಡಿನ ಗಿಡಗಳ ಪೊರೆ ಬೆಚ್ಚನೆಯ ಹವೆಗೆ ಹೊಂದಿಕೊಂಡದ್ದು. ಬಾಳೆ, ಕೋಕೋ, ಅಂಥೂರಿಯಂಗಳಿಗೆ 10–12 ಡಿಗ್ರಿಗಿಂತ ಕೆಳಗೆ ಹೋದರೆ ಸಾಕು, ಪೊರೆ ಬಿರುಸಾಗಿ ಸೋರಲು ಶುರುವಾಗುತ್ತದೆ. ಮಂಜುಗಡ್ಡೆಯೇ ಬೇಕಿಲ್ಲ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಬೇರೆ ಬೇರೆ ಕೋಣೆಗಳಲ್ಲಿ ಇರಬೇಕಾದ ರಸಗಳು ಪೊರೆ ಒಡೆದು ಒಂದಕ್ಕೊಂದು ಸೇರಿದ ಗುರುತು ಆ ಕಪ್ಪು.

ಚಳಿ ನಾಡಿನ ಗಿಡಗಳು ಇನ್ನೊಂದು ದಾರಿ ಹಿಡಿದಿವೆ. ದಿನ ಗಿಡ್ಡವಾಗುತ್ತಾ, ರಾತ್ರಿ ತಣ್ಣಗಾಗುತ್ತಾ ಬಂದಂತೆ ಅವು ಪೊರೆಯಲ್ಲಿ ಸೊಟ್ಟ ಎಳೆಗಳನ್ನು ಜಾಸ್ತಿ ಮಾಡಿಕೊಳ್ಳುತ್ತವೆ. ಕೋಶದ ರಸಕ್ಕೆ ಸಕ್ಕರೆ ತುಂಬಿಕೊಳ್ಳುತ್ತವೆ. ಇದಕ್ಕೆ ವಾರಗಟ್ಟಲೆ ಬೇಕು. ಹಾಗಾಗಿ ನವೆಂಬರಿನಲ್ಲಿ ಏಕಾಏಕಿ ಬಿದ್ದ ಮೈನಸ್ 5 ಡಿಗ್ರಿ ಒಂದು ಗಿಡವನ್ನು ಕೊಲ್ಲಬಹುದು. ಅದೇ ಗಿಡ ಜನವರಿಯಲ್ಲಿ ಅದಕ್ಕಿಂತ ಹೆಚ್ಚಿನ ಚಳಿಯನ್ನು ತಾಳಬಹುದು. ಚಳಿಗೆ ಮುಂಚೆ ಯೂರಿಯಾ ಹಾಕಿ ಎಳೆ ಚಿಗುರು ಹೊರಡಿಸುವುದು ಬೇಡ ಎಂದು ಅಲ್ಲಿನವರು ಹೇಳುವುದೂ ಇದಕ್ಕೇ.

ಸೊನ್ನೆಗಿಂತ ಕೆಳಗಿನ ಕಥೆ ಬೇರೆ. ಮಂಜುಗಡ್ಡೆ ಮೊದಲು ಕಟ್ಟುವುದು ಕೋಶಗಳ ನಡುವಿನ ಸಂದಿಯಲ್ಲಿ. ಕಟ್ಟಿದ ಮೇಲೆ ಕೋಶದೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ರಾತ್ರಿ ಕಳೆಯುವುದರೊಳಗೆ ನೀರು ಬಿಟ್ಟು ಹೋಳು ಮುದುಡುತ್ತದಲ್ಲ, ಹಾಗೆ. ಎಲೆ ಕೋಶ ಒಂದು ಮಿತಿಯವರೆಗೆ ಮುದುಡಿ ಮತ್ತೆ ಚೇತರಿಸಿಕೊಳ್ಳುತ್ತದೆ. ಮಿತಿ ದಾಟಿದರೆ ಎಲೆ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ.

ನಮಗೆ ಈ ಎರಡನೆಯ ಕಷ್ಟ ಇಲ್ಲ. ನಮ್ಮಲ್ಲಿ ಚಳಿಗಾಲದ ರಾತ್ರಿ 15 ಡಿಗ್ರಿ ಆಸುಪಾಸು, ಕೆಲವು ದಿನ ಇನ್ನೂ ಕೆಳಗೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ಹಾಗಾಗಿ ನಮ್ಮ ತೆಂಗು ಚಳಿಗೆ ಸ್ವಲ್ಪ ಮಂಕಾಗುತ್ತದೆ, ಸಾಯುವುದಿಲ್ಲ. ವರ್ಷದ ಸರಾಸರಿ 27 ಡಿಗ್ರಿ ಇದ್ದಲ್ಲಿ ಸುಖವಾಗಿರುವ ಮರ ಅದು. ಲೀಡ್ಸ್ ಅಂಗಳದಲ್ಲಿ ನೆಟ್ಟ ತೆಂಗಿನ ಸಸಿ ಒಂದು ಚಳಿಗಾಲ ದಾಟುವುದಿಲ್ಲ. ಅದನ್ನು ಮಗಳಿಗೆ ಮೊದಲೇ ಹೇಳಿಬಿಟ್ಟೆ. ಆಸೆ ಇಟ್ಟುಕೊಂಡು ಆಮೇಲೆ ಅಳುವುದು ಬೇಡ ಅಂತ.

ಒಂದೇ ಸುಳಿ

ಇನ್ನು ಪಕ್ಕದ ಮನೆಯ ಪಾಮ್ ಹೇಗೆ ಬದುಕಿತು? ಅದಕ್ಕೆ ಮೊದಲು ಈ ಮರಗಳ ಮೈಕಟ್ಟನ್ನು ನೋಡಬೇಕು.

ಮಾವನ್ನೋ ಹುಣಸೆಯನ್ನೋ ಅರ್ಧಕ್ಕೆ ಕಡಿದರೂ ಪಕ್ಕದಿಂದ ಚಿಗುರುತ್ತದೆ. ತೊಗಟೆಯ ಕೆಳಗೆ ಬೆಳೆಯುವ ಪದರ ಇರುತ್ತದೆ. ಅಲ್ಲಲ್ಲಿ ಮಲಗಿದ ಮೊಗ್ಗುಗಳಿರುತ್ತವೆ. ತೆಂಗಿಗೆ ಇವೆರಡೂ ಇಲ್ಲ. ಮರ ಹತ್ತಲು ಹಿಂದೆ ಕಾಂಡಕ್ಕೆ ಮಚ್ಚಿನಲ್ಲಿ ಕಚ್ಚು ಹಾಕುತ್ತಿದ್ದರು. ತಾತನ ಕಾಲದ ಆ ಕಚ್ಚುಗಳು ನಮ್ಮ ತೋಟದ ಹಳೇ ಮರಗಳಲ್ಲಿ ಇವತ್ತಿಗೂ ಹಾಗೇ ಇವೆ. ಗಾಯ ಮಾಗಿ ಮುಚ್ಚಿಕೊಳ್ಳುವ ಗುಣವೇ ಈ ಕಾಂಡಕ್ಕಿಲ್ಲ. ಇಡೀ ಮರಕ್ಕೆ ಬೆಳೆಯುವ ಜಾಗ ಒಂದೇ. ನೆತ್ತಿಯಲ್ಲಿ, ಗರಿಗಳ ನಡುವೆ, ಸುಳಿಯ ಬುಡದಲ್ಲಿ ಅಡಗಿರುವ ಮೆತ್ತನೆಯ ಮೊಗ್ಗು. ಕೆಂಪು ಮೂತಿ ಹುಳು ಅಲ್ಲಿಗೆ ಮುಟ್ಟಿದರೆ ಮರ ಮುಗಿಯಿತು ಎಂದು ನಮ್ಮ ಕಡೆ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ.

ಆ ಮೊಗ್ಗಿನೊಳಗೆ ಮುಂದೆ ಬರಲಿರುವ ಗರಿಗಳು ಒಂದರೊಳಗೊಂದು ಕೂತಿರುತ್ತವೆ. ತೆಂಗಿನಲ್ಲಿ ಒಂದು ಗರಿ ಮೊಳೆತು ಸುಳಿಯಾಗಿ ಹೊರಗೆ ಕಾಣಲು ಎರಡು ವರ್ಷಕ್ಕೂ ಜಾಸ್ತಿ ಬೇಕು. ಆದ್ದರಿಂದ ಇವತ್ತು ಬಿದ್ದ ಪೆಟ್ಟು ಇವತ್ತೇ ಕಾಣುವುದಿಲ್ಲ. ಚಳಿ ದೇಶಗಳಲ್ಲಿ ಜನವರಿಯಲ್ಲಿ ಹಿಮ ಬಿದ್ದಾಗ ಹಸಿರಾಗಿಯೇ ಇದ್ದ ಪಾಮ್, ಮೇ ತಿಂಗಳ ಬಿಸಿಲಿಗೆ ಕುಸಿಯುವುದುಂಟು. ಗರಿಯೆಲ್ಲ ಕಂದಾಗಿ ಸತ್ತಂತೆ ಕಂಡ ಮರ ಜುಲೈಯಲ್ಲಿ ಹೊಸ ಸುಳಿ ಬಿಡುವುದೂ ಉಂಟು. ಗರಿ ನೋಡಿ ಮರದ ಸಾವು ಬದುಕು ಹೇಳಬಾರದು. ಗರಿ ಹೋದರೆ ಮತ್ತೆ ಬರುತ್ತದೆ, ಸುಳಿ ಹೋದರೆ ಬರುವುದಿಲ್ಲ.

ಚಳಿಗೆ ಜಗ್ಗದ ಪಾಮ್‌ಗಳು ಈ ಒಂದು ಮೊಗ್ಗನ್ನು ಕಾಯುವುದರಲ್ಲಿ ನಿಪುಣ. ಮಗಳ ಪಕ್ಕದ ಮನೆಯದು ಚೂಸಾನ್ ಪಾಮ್. ಬೀಸಣಿಗೆಯಂಥ ಗರಿ. ಕಾಂಡದ ಸುತ್ತ ಗೋಣಿ ಸುತ್ತಿದಂತೆ ಒರಟು ನಾರು. ಚೀನಾದ ಜೌಶಾನ್ ದ್ವೀಪದಲ್ಲಿ ಇದನ್ನು ನೋಡಿದ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ಸಸ್ಯ ಸಂಗ್ರಾಹಕ 1849ರಲ್ಲಿ ಗಿಡಗಳನ್ನು ಇಂಗ್ಲೆಂಡಿಗೆ ಕಳಿಸಿದ. ಚೀನಾದ ಚಹಾ ಗಿಡಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದವನೂ ಅವನೇ. ಬೆಳೆದ ಚೂಸಾನ್ ಮರಗಳು ಮೈನಸ್ 12, ಕೆಲವೊಮ್ಮೆ 15 ಡಿಗ್ರಿಯನ್ನೂ ತಾಳಿವೆ.

ಇದರ ಹತ್ತಿರದ ನೆಂಟ ನಮ್ಮ ದೇಶದಲ್ಲೇ ಇದೆ ಎಂದು ತಿಳಿದಾಗ ನನಗಂತೂ ತುಂಬ ಖುಷಿಯಾಯಿತು. ಉತ್ತರಾಖಂಡದ ಪಿಥೋರಾಗಢ ಕಡೆಯ ಬೆಟ್ಟಗಳಲ್ಲಿ, 2000 ಮೀಟರಿಗಿಂತ ಮೇಲೆ, ಓಕ್ ಮರಗಳ ನಡುವೆ ಒಂದು ಪಾಮ್ ಬೆಳೆಯುತ್ತದೆ. ಹೆಸರು ಟ್ರಾಕಿಕಾರ್ಪಸ್ ತಾಕಿಲ್. ಚಳಿಗಾಲದಲ್ಲಿ ಅದರ ಬುಡದಲ್ಲಿ ಹಿಮ ನಿಲ್ಲುತ್ತದೆ. ನಮ್ಮ ನಂದಿಬೆಟ್ಟದ ತುದಿ 1478 ಮೀಟರ್. ಅದಕ್ಕಿಂತ ಎಷ್ಟೋ ಎತ್ತರದಲ್ಲಿ, ಅಷ್ಟು ಉತ್ತರದಲ್ಲಿ, ಹಿಮದ ನಡುವೆ ತೆಂಗಿನ ಬಳಗದ ಒಂದು ಮರ ನಿಂತಿದೆ!

ಇನ್ನೂ ಗಟ್ಟಿಯಾದದ್ದು ಅಮೆರಿಕದ ಆಗ್ನೇಯ ಭಾಗದ ನೀಡಲ್ ಪಾಮ್. ಮೈನಸ್ 20 ಡಿಗ್ರಿಯನ್ನು ದಾಟಿ ಬದುಕಿದ ಉದಾಹರಣೆಗಳಿವೆ. ಇದು ಎತ್ತರಕ್ಕೆ ಹೋಗುವುದಿಲ್ಲ. ಮೊಗ್ಗನ್ನು ನೆಲದ ಹತ್ತಿರವೇ, ಮುಳ್ಳು ಮತ್ತು ನಾರಿನ ಗೂಡಿನೊಳಗೆ ಇಟ್ಟುಕೊಳ್ಳುತ್ತದೆ. ಅದೇ ಕಡೆಯ ಡ್ವಾರ್ಫ್ ಪಾಲ್ಮೆಟ್ಟೊ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಕಾಂಡ ಬಹುಪಾಲು ಮಣ್ಣಿನೊಳಗೇ ಇರುತ್ತದೆ. ಗಾಳಿ ಎಷ್ಟೇ ತಣ್ಣಗಾದರೂ ಒಂದೆರಡು ಗೇಣು ಕೆಳಗಿನ ಮಣ್ಣು ಅಷ್ಟು ಬೇಗ ತಣ್ಣಗಾಗದು.

ಬಾಳೆಯದೂ ಇದೇ ಉಪಾಯ. ನಾವು ಬಾಳೆಯ ಕಾಂಡ ಅನ್ನುವುದು ಬರೀ ಎಲೆಬುಡಗಳ ಸುರುಳಿ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಬಾಸ್ಜೂ ಎಂಬ ಬಾಳೆಯನ್ನು ಜಪಾನಿ ಬಾಳೆ ಎನ್ನುತ್ತಾರೆ, ಮೂಲ ಮಾತ್ರ ಚೀನಾ. ಹಣ್ಣು ತಿನ್ನಲು ಬರುವುದಿಲ್ಲ. ಇಂಗ್ಲೆಂಡಿನವರು ಮೊದಲ ಹಿಮಕ್ಕೆ ಅದರ ಎಲೆ ಸುಟ್ಟ ಮೇಲೆ ಕಾಂಡವನ್ನು ಸೊಂಟದೆತ್ತರಕ್ಕೆ ಕತ್ತರಿಸುತ್ತಾರೆ. ಸುತ್ತ ತಂತಿ ಬಲೆ ಕಟ್ಟಿ, ಒಳಗೆ ಒಣಹುಲ್ಲು ತುಂಬಿ, ಮೇಲೆ ಮುಚ್ಚಳ ಹಾಕುತ್ತಾರೆ. ವಸಂತದಲ್ಲಿ ಹುಲ್ಲು ತೆಗೆದರೆ ನಡುವಿನಿಂದ ಸುರುಳಿ ಎಲೆ ಏಳುತ್ತದೆ. ಮೇಲಿನದು ಪೂರ್ತಿ ಹೋದರೂ ಬುಡದಿಂದ ಕಂದು ಬರುತ್ತದೆ.

ನೀರೇ ದೊಡ್ಡ ಶತ್ರು

ಚಳಿಯಲ್ಲಿ ಸಾಯುವ ಪಾಮ್‌ಗಳಲ್ಲಿ ಬರೀ ಚಳಿಗೆ ಸಾಯುವುದಕ್ಕಿಂತ ಚಳಿ ಮತ್ತು ತೇವ ಜೊತೆಯಾದಾಗ ಸಾಯುವುದು ಜಾಸ್ತಿ ಎಂಬುದು ನಾನು ಬಂದು ನಿಂತ ತೀರ್ಮಾನ. ನೆತ್ತಿಯ ಮೇಲೆ ಹಿಮ ಕೂರುತ್ತದೆ. ಹಗಲು ಕರಗಿ ಸುಳಿಯ ಬುಡಕ್ಕೆ ಇಳಿಯುತ್ತದೆ. ರಾತ್ರಿ ಅಲ್ಲೇ ಗಡ್ಡೆಯಾಗುತ್ತದೆ. ಪೊರೆ ಒಡೆದ ಕೋಶಗಳಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ವಾರಗಳಾದ ಮೇಲೆ ಸುಳಿಯನ್ನು ಮೆಲ್ಲಗೆ ಎಳೆದರೆ ಕೈಗೇ ಬಂದುಬಿಡುತ್ತದೆ. ಬುಡದಲ್ಲಿ ಕೆಟ್ಟ ವಾಸನೆ. ಅಲ್ಲಿನವರು ಇದನ್ನು ಸ್ಪಿಯರ್ ಪುಲ್ ಎನ್ನುತ್ತಾರೆ. ಮಗಳು ಇದರ ಫೋಟೊ ತೋರಿಸಿದಾಗ ನನಗೆ ಗುರುತು ಹತ್ತಿತು. ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ಬರುವ ಸುಳಿ ಕೊಳೆ ರೋಗದ ಥರವೇ!

ಔಷಧಿಯೂ ಬಹುತೇಕ ಒಂದೇ. ಕೊಳೆತ ಭಾಗವನ್ನು ಚೂಪಾದ ಚಾಕುವಿನಿಂದ ಪೂರ್ತಿ ಕೆತ್ತಿ ತೆಗೆಯಬೇಕು. ಬೋರ್ಡೋ ಮುಲಾಮು ಬಳಿಯಬೇಕು. ಮಳೆನೀರು ಇಳಿಯದಂತೆ ಹೊಸ ಸುಳಿ ಬರುವ ತನಕ ಮುಚ್ಚಬೇಕು. ಮುಲಾಮಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಈ ಬೋರ್ಡೋ ದ್ರಾವಣವನ್ನು ನಮ್ಮ ಮಲೆನಾಡಿನ ಅಡಿಕೆ ಕೊಳೆರೋಗದ ವಿರುದ್ಧ ಪರೀಕ್ಷಿಸಿ ನೆಲೆ ನಿಲ್ಲಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಚಳಿ ದೇಶದಿಂದ ಬಂದವರು ನಮ್ಮ ಅಡಿಕೆ ಕಾಪಾಡಿದರು. ಅದೇ ಪಾಠ ಈಗ ನಮ್ಮ ಹುಡುಗಿಗೆ ಚಳಿ ದೇಶದಲ್ಲಿ ಕೆಲಸಕ್ಕೆ ಬರುತ್ತಿದೆ. ಆದರೆ ಅಲ್ಲಿ ಮನೆಯಲ್ಲಿ ಇದನ್ನು ಕಲಸಬೇಡ, ಆ ದೇಶದ ಅಂಗಡಿಯಲ್ಲಿ ಮನೆ ತೋಟಕ್ಕೆಂದು ಮಾರುವ ಔಷಧಿಯನ್ನೇ ತಗೋ ಎಂದು ಹೇಳಿದ್ದೇನೆ. ಔಷಧಿಗಳ ಕಾನೂನು ದೇಶದಿಂದ ದೇಶಕ್ಕೆ ಬೇರೆ.

ಹೊದಿಸುವುದು ಹೇಗೆ

ಹೊದಿಕೆ ಯಾಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ಬೀದಿಯಲ್ಲೇ ಸಾಕ್ಷಿ ಇದೆ. ಜನವರಿ ಬೆಳಿಗ್ಗೆ ಬಯಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಇಬ್ಬನಿಗೆ ತೊಯ್ದಿರುತ್ತದೆ. ಬೇವಿನ ಮರದ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ. ಗಾಳಿ ಎರಡೂ ಕಡೆ ಒಂದೇ. ಆದರೆ ಬಯಲಿನ ಸೀಟು ರಾತ್ರಿಯೆಲ್ಲ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಸೂಸುತ್ತಾ ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಮರದ ಕೆಳಗಿನ ಸೀಟಿಗೆ ಎಲೆಗಳು ಆ ಶಾಖವನ್ನು ಹಿಂದಿರುಗಿಸುತ್ತವೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಎಲ್ಲಿಯಾದರೂ ನಡೆಯುವುದು ಇದೇ. ಹಾಗಾಗಿ ಗಿಡಕ್ಕೆ ಪಕ್ಕದ ಗೋಡೆಗಿಂತ ತಲೆ ಮೇಲಿನ ಮರೆ ಮುಖ್ಯ. ತಣ್ಣನೆ ಗಾಳಿ ಭಾರ, ಅದು ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ತಗ್ಗಿನಲ್ಲಿ ಪಾಮ್ ನೆಡಬಾರದು.

ಲೀಡ್ಸ್‌ನಂಥ ಊರಲ್ಲಿ ಒಳ್ಳೆಯ ಜಾಗವೆಂದರೆ ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಬುಡ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ನೈರುತ್ಯದಲ್ಲಿ ಮುಳುಗುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲುಚಪ್ಪಡಿ ಗೋಡೆಗೆ ಸಂಜೆ ಏಳಕ್ಕೆ ಬೆನ್ನು ಕೊಟ್ಟು ಕೂತವರಿಗೆ ಗೊತ್ತು, ಹಗಲಿನ ಬಿಸಿ ಎಷ್ಟು ಹೊತ್ತು ಉಳಿಯುತ್ತದೆ ಅಂತ.

ನೀರೂ ಹಾಗೆಯೇ ಬಿಸಿ ಹಿಡಿದಿಡುತ್ತದೆ. ಗಾಜಿನ ಗೂಡಿನಲ್ಲಿ 200 ಲೀಟರಿನ ಒಂದು ಡ್ರಮ್ ನೀರು ಇಟ್ಟರೆ, ಅದು ಹತ್ತು ಡಿಗ್ರಿ ತಣ್ಣಗಾಗುವಾಗ ಎರಡು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟಿನಷ್ಟು ಶಾಖ ಬಿಡುತ್ತದೆ. ಅದು ಪೂರ್ತಿ ಗಡ್ಡೆ ಕಟ್ಟಿದರೆ ಇನ್ನೂ 18 ಯೂನಿಟ್. ನೀರು ಗಡ್ಡೆಯಾಗುವಾಗ ಒಂದೊಂದು ಗ್ರಾಮಿಗೂ 80 ಕ್ಯಾಲೊರಿ ಶಾಖ ಹೊರಬರುತ್ತದೆ. ಫ್ಲಾರಿಡಾದ ರೈತರು ಹಿಮದ ರಾತ್ರಿ ಬೆಳೆಗಳ ಮೇಲೆ ಸ್ಪ್ರಿಂಕ್ಲರ್ ಬಿಡುವುದು ಇದನ್ನು ನಂಬಿಯೇ. ನಡುವೆ ನಿಲ್ಲಿಸಿದರೆ ಮಾತ್ರ ಬೆಳೆ ಇನ್ನೂ ತಣ್ಣಗಾಗಿ ಕೆಡುತ್ತದೆ.

ಹೊದಿಸುವ ಕೆಲಸ ಹೀಗೆ. ಗರಿಗಳನ್ನೆಲ್ಲ ಮೇಲಕ್ಕೆ ಒಟ್ಟುಗೂಡಿಸಿ ಹಗ್ಗದಿಂದ ಸಡಿಲವಾಗಿ ಕಟ್ಟುವುದು. ಈಗ ಸುಳಿಗೆ ಗರಿಗಳೇ ಕವಚ. ಬುಡಕ್ಕೆ ಒಂದು ಗೇಣು ದಪ್ಪ ತೊಗಟೆ ಚೂರೋ ಒಣ ಎಲೆಯೋ ಹಾಸುವುದು. ನಾವು ಮಟ್ಟೆ ಹಾಸುತ್ತೇವಲ್ಲ, ಹಾಗೆ. ಕಾಂಡಕ್ಕೂ ನೆತ್ತಿಗೂ ಉಸಿರಾಡುವ ಬಟ್ಟೆ ಸುತ್ತುವುದು. ತೋಟಗಾರಿಕೆ ಫ್ಲೀಸ್ ಎಂಬ ಬಿಳಿ ಬಟ್ಟೆ ಸಿಗುತ್ತದೆ, ಗೋಣಿಯೂ ನಡೆಯುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರುತ್ತದೆ, ಕೊಳೆ ಶುರು. ತಲೆ ಮೇಲೆ ಮಳೆ ತಡೆಯುವ ಒಂದು ಮುಚ್ಚಳ ಮಾತ್ರ ಪ್ಲಾಸ್ಟಿಕ್ಕಿನದು ಇರಲಿ. ತುಂಬ ಚಳಿ ಇರುವ ಕಡೆ ಫ್ಲೀಸ್ ಒಳಗೆ ಸೀರಿಯಲ್ ಸೆಟ್ ಲೈಟು ಸುತ್ತುತ್ತಾರೆ. ಹೊರಗೆ ಬಳಸಲೆಂದೇ ಮಾಡಿದ್ದು, ತಂತಿ ಉರಿಯುವ ಹಳೇ ಥರದ ಬಲ್ಬಿನದು. ಎಲ್‌ಇಡಿ ಬೆಳಕು ಚೆನ್ನಾಗಿ ಕೊಡುತ್ತದೆ, ಶಾಖ ಅಷ್ಟಾಗಿ ಕೊಡದು.

ಅಡಿಕೆ ಸಸಿಯ ಕಾಂಡಕ್ಕೆ ನೈರುತ್ಯದ ಬಿಸಿಲು ತಾಗಬಾರದೆಂದು ನಾವು ಗರಿ ಸುತ್ತುತ್ತೇವೆ. ಅವರು ಚಳಿಗೆ ಸುತ್ತುತ್ತಾರೆ. ಒಂದು ಎಚ್ಚರಿಕೆ: ಬಿಸಿಲು ಬಂದ ದಿನ ಹೊದಿಕೆ ಸ್ವಲ್ಪ ತೆರೆಯಬೇಕು. ತಿಂಗಳುಗಟ್ಟಲೆ ಸುತ್ತಿ ಮರೆತರೆ ಒಳಗೆ ಸುಳಿ ಕೊಳೆತಿರುತ್ತದೆ.

ಕುಂಡದ ಗಿಡಕ್ಕೆ ಇನ್ನೂ ಹೆಚ್ಚು ಕಾಳಜಿ ಬೇಕು. ನೆಲದಲ್ಲಿದ್ದರೆ ಬೇರಿಗೆ ಭೂಮಿಯ ಬಿಸಿ ಸಿಗುತ್ತದೆ. ಕುಂಡದಲ್ಲಿ ಸುತ್ತಲಿಂದಲೂ ಚಳಿ. ಬೇರು ಗರಿಯಷ್ಟು ಗಟ್ಟಿ ಅಲ್ಲ.

ಮನೆಯೊಳಗೆ ಸತ್ತ ಗಿಡ

ಇನ್ನು ಮಗಳ ಮೊದಲ ಗಿಡದ ವಿಷಯ. ಅದು ನರ್ಸರಿಯವರು ಅರೆಕಾ ಪಾಮ್ ಎಂದು ಮಾರುವ ಮಡಗಾಸ್ಕರ್ ಮೂಲದ ಗಿಡ, ನಮ್ಮ ಅಡಿಕೆ ಅಲ್ಲ. ಹೀಟರ್ ಪಕ್ಕ ಬೆಚ್ಚಗಿಟ್ಟಳು. ದಿನಾ ಒಂದು ಲೋಟ ನೀರು ಹಾಕಿದಳು. ಫೆಬ್ರವರಿಗೆ ಬುಡ ಮೆತ್ತಗಾಯಿತು.

ಅವಳ ತಪ್ಪೇನೂ ದೊಡ್ಡದಲ್ಲ, ನಮ್ಮ ಮನೆಯ ಅಭ್ಯಾಸ. ಇಲ್ಲಿ ಚಳಿಗಾಲವೆಂದರೆ ಒಣಗಾಲ, ನೀರು ಬೇಕು. ಅಲ್ಲಿ ಚಳಿಗಾಲವೆಂದರೆ ಕತ್ತಲೆಗಾಲ. ನಮ್ಮಲ್ಲಿ ವರ್ಷದ ಅತಿ ಗಿಡ್ಡ ಹಗಲೂ 11 ಗಂಟೆಗಿಂತ ಜಾಸ್ತಿ. ನಡುಹಗಲಿನ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲೆ. ಲೀಡ್ಸ್‌ನಲ್ಲಿ ಡಿಸೆಂಬರ್ 21ರ ಹಗಲು ಏಳೂವರೆ ಗಂಟೆ. ಸೂರ್ಯ ಬರೀ 13 ಡಿಗ್ರಿ ಮೇಲೆ, ಅದೂ ಮೋಡ ಇಲ್ಲದಿದ್ದರೆ. ಬೆಳಕಿಲ್ಲದೆ ಗಿಡ ಅಡುಗೆ ಮಾಡುವುದಿಲ್ಲ. ಅಡುಗೆ ಮಾಡದ ಗಿಡ ನೀರು ಕುಡಿಯುವುದಿಲ್ಲ. ಹಾಕಿದ ನೀರು ಬೇರಿನ ಸುತ್ತ ನಿಂತು ಕೊಳೆಸುತ್ತದೆ. ಆದ್ದರಿಂದ ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡಬೇಕು. ಅಲ್ಲಿವರೆಗೂ ಒಣಗಿದ್ದರೆ ಮಾತ್ರ ನೀರು.

ಇನ್ನೊಂದು ಹೀಟರ್. ಅದು ಗಾಳಿಯನ್ನು ಬಿಸಿ ಮಾಡುತ್ತದೆ, ಜೊತೆಗೆ ಒಣಗಿಸುತ್ತದೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, 27–28 ಡಿಗ್ರಿ ಬಿಸಿ ಎಷ್ಟು ಮುಖ್ಯವೋ ನೂರಕ್ಕೆ 85ರಷ್ಟು ತೇವಾಂಶವೂ ಅಷ್ಟೇ ಮುಖ್ಯ. ಒಲೆ ಇಟ್ಟ ಮನೆಯಲ್ಲಿ ಒದ್ದೆ ಗೋಣಿಯನ್ನೂ ನೇತುಹಾಕುತ್ತಾರೆ. ಒಣ ಬಿಸಿಯಲ್ಲಿ ಪಾಮ್ ಗರಿಯ ತುದಿ ಒಣಗುತ್ತದೆ, ಎಲೆಯಡಿ ನುಸಿ ಕಟ್ಟುತ್ತದೆ. ನಮ್ಮ ತೆಂಗಿನಕಾಯಿಗೆ ಬರುವ ನುಸಿ ಬೇರೆ, ಇದು ಬೇರೆ. ಎಲೆಯಡಿಯನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಬಹಳಷ್ಟು ಹತೋಟಿಗೆ ಬರುತ್ತದೆ. ಹೀಟರ್‌ನಿಂದ ದೂರ, ಕಿಟಕಿಗೆ ಹತ್ತಿರ, ರಾತ್ರಿ 15 ಡಿಗ್ರಿ ಇರುವ ಕೋಣೆ ಒಳ್ಳೆಯದು. ಮನೆಯೊಳಗೇ ಪಾಮ್ ಬೇಕೆಂದರೆ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದ ಕೆಂಟಿಯಾ ತಗೊಳ್ಳಲಿ. ಮಬ್ಬು ಬೆಳಕಿನ ಹಳೇ ಇಂಗ್ಲಿಷ್ ಮನೆಗಳಲ್ಲಿ ಬಾಳಿ ತೋರಿಸಿದ ಗಿಡ ಅದು.

ಲಂಡನ್ನಿನ ಕ್ಯೂ ತೋಟದ ಪಾಮ್ ಹೌಸ್ ಕಟ್ಟಿದ್ದು 1844ರಿಂದ 1848ರಲ್ಲಿ. ಕಬ್ಬಿಣ ಮತ್ತು ಗಾಜಿನ ಮನೆ, ನೆಲದಡಿ ಬಾಯ್ಲರ್. ಬೆಳಕು, ಬಿಸಿ, ತೇವ ಮೂರನ್ನೂ ಒಟ್ಟಿಗೆ ಕೊಡಲು ಅಷ್ಟೆಲ್ಲ ಬೇಕಾಯಿತು. ನಮ್ಮ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಇಟ್ಟರು. ಅದಕ್ಕೆ ಬಾಯ್ಲರ್ ಬೇಕಾಗಲಿಲ್ಲ, ಫಲಪುಷ್ಪ ಪ್ರದರ್ಶನಕ್ಕೆ ಸೂರು ಇದ್ದರೆ ಸಾಕಿತ್ತು.

ಕರಿಬೇವು

ಕರಿಬೇವಿನ ಮಾತು ಹೇಳದೆ ಮುಗಿಸಿದರೆ ಅಕ್ಕ ಒಪ್ಪುವುದಿಲ್ಲ. ಹೊರದೇಶದ ಮಕ್ಕಳು ಹೆಚ್ಚು ಅತ್ತಿರುವುದು ಈ ಗಿಡಕ್ಕೇ. ಚಳಿಗಾಲದಲ್ಲಿ ಮನೆಯೊಳಗೆ ತಂದ ಕರಿಬೇವು ಎಲೆ ಹಳದಿ ಮಾಡಿ ಉದುರಿಸುತ್ತದೆ. ಸತ್ತಿತೆಂದು ಎಸೆಯುತ್ತಾರೆ. ಎಸೆಯಬೇಡಿ. ಕಾಂಡವನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಹಸಿರಿದ್ದರೆ ಗಿಡ ಮಲಗಿದೆ ಅಷ್ಟೇ. ಇದು ಪಾಮ್ ಅಲ್ಲ, ಪಕ್ಕದಿಂದ ಚಿಗುರುವ ಮೊಗ್ಗುಗಳಿವೆ. ನೀರು ತೀರಾ ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ, ಬೆಳಕಿರುವ ಕಿಟಕಿಯಲ್ಲಿ ಬಿಡಿ. ಹಿಟ್ಟು ತಿಗಣೆ ಕಂಡರೆ ಒರೆಸಿ. ಮಾರ್ಚ್‌ನಲ್ಲಿ ತುದಿ ಚಿವುಟಿದರೆ ಚಿಗುರುತ್ತದೆ. ಹೊರಗಿಡುವುದು ಹಿಮದ ಭಯ ಪೂರ್ತಿ ಕಳೆದ ಮೇಲೆ, ಮೇ ಕೊನೆಗೆ. ಅದೂ ಒಂದೇ ಸಲ ಬಿಸಿಲಿಗಲ್ಲ. ನೆರಳುಪರದೆಯಿಂದ ಸಸಿಯನ್ನು ಹೊಲಕ್ಕೆ ತರುವ ಹಾಗೆ, ದಿನಕ್ಕೆ ಒಂದು ಗಂಟೆ, ಎರಡು ಗಂಟೆ.

ದಯವಿಟ್ಟು ಊರಿಂದ ಸೂಟ್‌ಕೇಸಿನಲ್ಲಿ ಕಡ್ಡಿ, ಸಸಿ ಕಟ್ಟಿಕೊಂಡು ಹೋಗಬೇಡಿ. ನಿಂಬೆ, ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಎಂಬ ಪುಟ್ಟ ಕೀಟ ಕರಿಬೇವಿನ ಚಿಗುರಿನಲ್ಲೂ ಬದುಕುತ್ತದೆ. 2005ರಲ್ಲಿ ಆ ರೋಗ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ತೋಟಗಳು ಸೊರಗಿಹೋದವು. ಇನ್ನೊಬ್ಬ ರೈತನ ಬೆಳೆ ಹಾಳಾಗುವುದು ನಮಗೆ ಬೇಡ. ಅಲ್ಲಿನ ನರ್ಸರಿಯಲ್ಲೇ ಕೊಳ್ಳಿ.

ಮಗಳು ಈಗ ಒಂದು ಚೂಸಾನ್ ಪಾಮ್ ನೆಟ್ಟಿದ್ದಾಳೆ, ದಕ್ಷಿಣದ ಗೋಡೆಯ ಬುಡದಲ್ಲಿ. ಸುಳಿ ಬದುಕಿದೆಯೋ ಇಲ್ಲವೋ ತಿಳಿಯಲು ಎಳೆದು ನೋಡಬೇಡ, ಬೇರೆ ದಾರಿ ಇದೆ ಎಂದು ಹೇಳಿಕೊಟ್ಟಿದ್ದೆ. ಸುಳಿ ಮತ್ತು ಪಕ್ಕದ ಗರಿಯ ದೇಟು ಎರಡರ ಮೇಲೂ ಒಂದೇ ಮಟ್ಟಕ್ಕೆ ಮಾರ್ಕರಿನಲ್ಲಿ ಅಡ್ಡ ಗೆರೆ ಎಳೆಯಬೇಕು. ಗರಿ ಬೆಳೆದು ಮುಗಿದದ್ದು, ಅದು ಅಲ್ಲೇ ಇರುತ್ತದೆ. ಸುಳಿ ಬದುಕಿದ್ದರೆ ಅದರ ಗೆರೆ ಮೇಲೇರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಎರಡು ಗೆರೆಯೂ ಒಂದೇ ಮಟ್ಟದಲ್ಲಿದ್ದವು. ಅವಳಿಗೆ ಗಾಬರಿ, ಚಳಿಯಲ್ಲಿ ಹಾಗೇ ಇರುತ್ತದೆ ಕಣಮ್ಮ ಎಂದು ನಾನು. ಏಪ್ರಿಲ್ ಎರಡನೇ ವಾರ ಫೋಟೊ ಕಳಿಸಿದಳು. ಸುಳಿಯ ಗೆರೆ ಗರಿಯ ಗೆರೆಗಿಂತ ಎರಡು ಬೆರಳು ಮೇಲಿತ್ತು.